ಕೆಲಸ ಬರುತ್ತೆ, ಅದನ್ನ ಹೇಳಿಕೊಳ್ಳೋದು ಬರಲ್ಲ: ಪೀಣ್ಯದ ವಿಎಂಸಿ ಪ್ರೋಗ್ರಾಮರ್ ಒಬ್ಬನ ಪ್ರಶ್ನೆ

ಅರಸೀಕೆರೆಯವ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ತುಂಬ ದಿನದಿಂದ ಮನಸ್ಸಲ್ಲಿ ಕೊರೀತಿರೋ ವಿಷಯ, ಉದ್ದ ಆದರೂ ಬರೀತೀನಿ.

ನನಗೀಗ 29 ವರ್ಷ. ಊರು ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿ, ಅಪ್ಪನದು ಒಂದೂವರೆ ಎಕರೆ ತೆಂಗಿನ ತೋಟ. ಜಿಟಿಟಿಸಿಯಲ್ಲಿ (ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರ) ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಮಾಡಿ, ಪೀಣ್ಯ 2ನೇ ಹಂತದ ಒಂದು ಮಷೀನ್ ಶಾಪ್ ಸೇರಿ 7 ವರ್ಷ ತುಂಬಿತು. ಆಪರೇಟರ್ ಆಗಿ ಶುರು, ಆಮೇಲೆ ಸೆಟ್ಟರ್, ಈಗ 4 ವರ್ಷದಿಂದ ವಿಎಂಸಿ, ಅಂದ್ರೆ ಕಂಪ್ಯೂಟರ್ ಪ್ರೋಗ್ರಾಮಿನಂತೆ ಲೋಹ ಕೊರೆಯೋ ಮಷೀನಿಗೆ ಪ್ರೋಗ್ರಾಮಿಂಗ್. ಕೈಗೆ 31,000 ಬರುತ್ತೆ. ಹೆಗ್ಗನಹಳ್ಳಿ ಕ್ರಾಸ್ ಹತ್ತಿರ ಬಾಡಿಗೆ ಮನೆ, ಹೆಂಡತಿ, ಎರಡು ವರ್ಷದ ಮಗಳು.

ಹೋದ ವರ್ಷ ನಮಗೆ ಅಲ್ಯೂಮಿನಿಯಂ ಹೌಸಿಂಗ್ ಆರ್ಡರ್ ಬಂತು. 6061 ಬ್ಲಾಕು, ನಾಲ್ಕು ಸೈಜು. ಒಂದು ಸೈಜ್ ಮುಗಿಸಿ ಇನ್ನೊಂದಕ್ಕೆ ಹೋಗಬೇಕಾದ್ರೆ ಪೀಸ್ ಹಿಡಿಯೋ ವೈಸ್ ಬಿಚ್ಚಿ, ಬೇರೆ ಕಟ್ಟಿ, ನೇರ ಇದೆಯಾ ಅಂತ ಡಯಲ್ ಹಿಡಿದು, ಝೀರೊ (ಅಳತೆ ಶುರುವಾಗೋ ಬಿಂದು) ತಗೊಂಡು, ಟೂಲ್ ಬದಲಾಯಿಸಿ, ಒಂದೊಂದರ ಉದ್ದ ಮತ್ತೆ ತಗೊಂಡು, ಮೊದಲ ಪೀಸ್ ಪಾಸ್ ಆಗೋ ಹೊತ್ತಿಗೆ ಎರಡೂವರೆ ಗಂಟೆ. ವಾರಕ್ಕೆ ಮೂರು ಸಲ ಇದೇ. ಅಷ್ಟು ಹೊತ್ತೂ ಟೂಲ್ ತಿರುಗಿಸೋ ಸ್ಪಿಂಡಲ್ ಸುಮ್ಮನೆ ನಿಂತಿರುತ್ತೆ. ನೋಡಿ ನೋಡಿ ಹೊಟ್ಟೆ ಉರೀತಿತ್ತು.

ಸ್ಕ್ರ್ಯಾಪಲ್ಲಿ ಬಿದ್ದಿದ್ದ ಒಂದು ಇಎನ್8 ಉಕ್ಕಿನ ಪ್ಲೇಟ್ ತಗೊಂಡು ಎರಡು ಭಾನುವಾರ ಕೂತು ಒಂದು ಬೇಸ್ ಪ್ಲೇಟ್ ಮಾಡಿದೆ. ನಾಲ್ಕೂ ಸೈಜು ಎರಡೇ ಪಿನ್ ಮೇಲೆ ಕೂರುತ್ತೆ, ಒಂದು ರೌಂಡ್ ಪಿನ್, ಇನ್ನೊಂದು ಡೈಮಂಡ್ ಪಿನ್. ಜಿ54ರಿಂದ ಜಿ57ರವರೆಗೆ ನಾಲ್ಕಕ್ಕೂ ಆಫ್‌ಸೆಟ್, ಅಂದ್ರೆ ಪೀಸ್ ಎಲ್ಲಿ ಕೂತಿದೆ ಅನ್ನೋ ಅಳತೆ, ಮಷೀನಲ್ಲಿ ಮೊದಲೇ ಸೇವ್ ಮಾಡಿಟ್ಟೆ. ನಾಲ್ಕು ಪ್ರೋಗ್ರಾಮನ್ನೂ ತಿದ್ದಿ, ಎಲ್ಲದಕ್ಕೂ ಅದೇ ಟೂಲು ಅದೇ ನಂಬರಲ್ಲಿ ಇರೋ ಹಾಗೆ ಮಾಡಿದೆ. ಸೆಟ್ಟಿಂಗ್ 40 ನಿಮಿಷಕ್ಕೆ ಬಂತು.

ಫೆಬ್ರವರಿಯಲ್ಲಿ ಕಸ್ಟಮರ್ ಬಂದ್ರು. ನಮ್ಮಲ್ಲಿ ಪ್ಲಾನಿಂಗ್ ನೋಡಿಕೊಳ್ಳೋ ಹುಡುಗ ಬಿಇ ಓದಿದವನು, ನನಗಿಂತ ಎರಡು ವರ್ಷ ಆಮೇಲೆ ಸೇರಿದವನು. ಅವನೇ ಪರದೆ ಮೇಲೆ ಎಲ್ಲ ತೋರಿಸಿ, ಇಂಗ್ಲಿಷಲ್ಲಿ ಚೆನ್ನಾಗಿ ವಿವರಿಸಿದ. ಸುಳ್ಳೇನೂ ಹೇಳಲಿಲ್ಲ, 'ನಾವು ಮಾಡಿದ್ವಿ' ಅಂದ. ಯಾರು ಅಂತ ಯಾರೂ ಕೇಳಲಿಲ್ಲ. ನಾನು ಕೈಯಲ್ಲಿ ವೇಸ್ಟ್ ಬಟ್ಟೆ ಹಿಡ್ಕೊಂಡು ಮಷೀನ್ ಪಕ್ಕದಲ್ಲೇ ನಿಂತಿದ್ದೆ. ಏಪ್ರಿಲ್‌ನಲ್ಲಿ ಅವನು ಪ್ರೊಡಕ್ಷನ್ ಇನ್‌ಚಾರ್ಜ್ ಆದ. ನನಗೆ 1,200 ರೂಪಾಯಿ ಇನ್‌ಕ್ರಿಮೆಂಟ್.

ಮನೇಲಿ ಹೇಳಿದಾಗ ಹೆಂಡತಿ ಕೇಳಿದ್ಳು: 'ಆ ಪ್ಲೇಟ್ ಮಾಡಿದ್ದು ನಾನು ಅಂತ ನೀವು ಯಜಮಾನರಿಗೆ ಒಂದು ದಿನನಾದ್ರೂ ಹೇಳಿದ್ರಾ?' ಕೆಲಸ ನೋಡಿದ್ರೆ ಗೊತ್ತಾಗಲ್ವಾ ಅಂದೆ. ಅವಳು ಮನೇಲಿ ಸೀರೆಗೆ ಕುಚ್ಚು ಕಟ್ಟುತ್ತಾಳೆ. ಪ್ರತಿ ಸೀರೆಯದೂ ಫೋಟೊ ತೆಗೆದು ವಾಟ್ಸಾಪ್ ಸ್ಟೇಟಸ್‌ಗೆ ಹಾಕ್ತಾಳೆ, ಕೆಳಗೆ ರೇಟು ಬರೀತಾಳೆ. 'ಕಟ್ಟಿದ ಕುಚ್ಚೆಲ್ಲ ಬೀರುವಲ್ಲೇ ಇಟ್ಟಿದ್ರೆ ಲಗ್ಗೆರೆಯಿಂದ ಯಾರು ಹುಡುಕ್ಕೊಂಡು ಬರ್ತಿದ್ರು?' ಅಂದ್ಳು. ಉತ್ತರ ಹೊಳೀಲಿಲ್ಲ.

ನಮ್ಮ ಮನೇಲಿ ತನ್ನ ಕೆಲಸದ ಬಗ್ಗೆ ತಾನೇ ಮಾತಾಡೋನನ್ನ 'ಅವನಿಗೆ ಜಂಬ' ಅಂತಿದ್ರು. ನಮ್ಮನ್ನ ನಾವೇ ಬಣ್ಣಿಸಿಕೊಳ್ಳಬಾರದು ಅಂತ ಕಲಿತು ಬೆಳೆದವನು ನಾನು. ಅದು ತಪ್ಪು ಅಂತ ಈಗಲೂ ಅನ್ನಿಸಲ್ಲ. ಆದ್ರೆ ಮೇ ತಿಂಗಳಲ್ಲಿ ಬೇರೆ ಕಂಪನಿಗೆ ಇಂಟರ್‌ವ್ಯೂಗೆ ಹೋಗಿದ್ದೆ. 'ಏನೇನು ಮಾಡಿದ್ದೀರಿ?' ಅಂದ್ರು. 'ಪ್ರೋಗ್ರಾಮಿಂಗ್, ಸೆಟ್ಟಿಂಗ್ ಸಾರ್, ಫ್ಯಾನಕ್ ಬರುತ್ತೆ' ಅಂದೆ. ಅಷ್ಟೇ, ಬಾಯಿ ಕಟ್ಟಿಹೋಯ್ತು. ಆ ಪ್ಲೇಟ್ ವಿಷಯ ನೆನಪಾಗಿದ್ದು ಹೊರಗೆ ಬಸ್ ಸ್ಟಾಪಲ್ಲಿ. 33,000 ಅಂದ್ರು, ನಾನು ಹೋಗಲಿಲ್ಲ.

ಜಂಬ ಅನ್ನಿಸದ ಹಾಗೆ ನನ್ನ ಕೆಲಸ ಹೇಳಿಕೊಳ್ಳೋದು ಹೇಗೆ? ಈ ವಯಸ್ಸಲ್ಲಿ ಬಿಇ ಮಾಡಬೇಕಾ? ಕೆಲವರು ಮಷೀನ್ ಓಡೋ ವಿಡಿಯೊ ಮಾಡಿ ಹಾಕು ಅಂತಾರೆ, ಅದರಿಂದ ಉಪಯೋಗ ಇದೆಯಾ? ಈ ಕೆಲಸದಲ್ಲಿ ಪಳಗಿದವರು ಹೇಳಿ.

ಜಾಲಹಳ್ಳಿ ಹಳಬ

ನನ್ನ ಮಗನಿಗಿಂತ ಚಿಕ್ಕವನು ನೀನು, ಏಕವಚನದಲ್ಲೇ ಬರೆಯುತ್ತೇನೆ, ಬೇಸರ ಬೇಡ.

1976ರಲ್ಲಿ ಎಚ್‌ಎಂಟಿಯಲ್ಲಿ ಅಪ್ರೆಂಟಿಸ್ ಆಗಿ ಅರ ಹಿಡಿದವನು ನಾನು. ಆಮೇಲೆ ಬೇರೆ ಬೇರೆ ಖಾಸಗಿ ಟೂಲ್‌ರೂಮ್‌ಗಳು. ಕೊನೆಯ 11 ವರ್ಷ ಟೂಲ್‌ರೂಮಿನ ಜವಾಬ್ದಾರಿ ನನ್ನದೇ, ಕೆಲಸಕ್ಕೆ ಜನರನ್ನು ಆರಿಸುವುದೂ ನನ್ನದೇ. ಹಾಗಾಗಿ ಮೇಜಿನ ಆಚೆ ಕೂತವನಿಗೆ ಏನು ಕಾಣುತ್ತದೆ ಅನ್ನುವುದನ್ನು ಮೊದಲು ಹೇಳುತ್ತೇನೆ.

'ಏನು ಮಾಡಿದ್ದೀಯ?' ಅಂದರೆ ಹತ್ತರಲ್ಲಿ ಎಂಟು ಹುಡುಗರು ಮಷೀನಿನ ಕಂಟ್ರೋಲರ್ ಹೆಸರು ಹೇಳುತ್ತಾರೆ. ಫ್ಯಾನಕ್ ಬರುತ್ತೆ, ಸೀಮೆನ್ಸ್ ಬರುತ್ತೆ. ಅದು ಅರ್ಜಿಯಲ್ಲೇ ಇರುತ್ತದಲ್ಲ, ನಾನು ಅದನ್ನು ಓದಿಯೇ ಕರೆದಿರುತ್ತೇನೆ. ನನಗೆ ಬೇಕಾದದ್ದು ಅವನು ಕೆಲಸದ ಬಗ್ಗೆ ಯೋಚನೆ ಮಾಡುತ್ತಾನೋ ಇಲ್ಲವೋ ಅನ್ನುವುದು. ಒಬ್ಬ ಐಟಿಐ ಹುಡುಗ ಬಂದಿದ್ದ. ಅಂಗಿಯ ಜೇಬಿನಿಂದ ಸಣ್ಣ ಪುಸ್ತಕ ತೆಗೆದು, 'ಸಾರ್, ಈ ಕೆಲಸದಲ್ಲಿ 40 ತೂತಿಗೆ ಒಂದು ಡ್ರಿಲ್ ಮುರೀತಿತ್ತು. ಚಿಪ್ ಹೊರಗೆ ಬರ್ತಿರಲಿಲ್ಲ. ಪೆಕ್ ಆಳ, ಅಂದ್ರೆ ಡ್ರಿಲ್ ಒಂದೊಂದು ಸಲ ಇಳಿಯೋ ಆಳ, ಕಡಿಮೆ ಮಾಡಿ, ಕೂಲೆಂಟ್ ನಳಿಕೆ ತಿರುಗಿಸಿದೆ. ಆಮೇಲೆ 300 ತೂತು ಹೊಡೀತು' ಅಂದ. ಡ್ರಿಲ್ ಮುರಿಯುವುದು ದೊಡ್ಡ ವಿಷಯವೇ ಅಲ್ಲ. ಆದರೆ ಮುರಿದದ್ದನ್ನು ಎಣಿಸಿದವನು ಅವನೊಬ್ಬನೇ. ಮರುದಿನವೇ ಸೇರಿಸಿಕೊಂಡೆ.

ಈಗ ನಿನ್ನ ಪ್ಲೇಟಿನ ವಿಷಯ. ನೀನು ಮಾಡಿದ ಕೆಲಸಕ್ಕೆ ನಮ್ಮ ವೃತ್ತಿಯಲ್ಲಿ ಒಂದು ಹೆಸರಿದೆ, ಅದು ನಿನಗೆ ಗೊತ್ತಿಲ್ಲ ಅಂತ ಕಾಣುತ್ತದೆ. ಎಸ್‌ಎಂಇಡಿ (ಸಿಂಗಲ್ ಮಿನಿಟ್ ಎಕ್ಸ್‌ಚೇಂಜ್ ಆಫ್ ಡೈ) ಅನ್ನುತ್ತಾರೆ. ಜಪಾನಿನ ಶಿಗೆಯೊ ಶಿಂಗೊ ಅನ್ನುವ ಎಂಜಿನಿಯರ್ ರೂಪಿಸಿದ ಪದ್ಧತಿ. 1969ರಲ್ಲಿ ಟೊಯೊಟಾದಲ್ಲಿ 1,000 ಟನ್ ಪ್ರೆಸ್‌ಗೆ ಡೈ ಬದಲಿಸಲು 4 ಗಂಟೆ ಹಿಡಿಯುತ್ತಿತ್ತು. ಅದನ್ನು ಮೊದಲು ಒಂದೂವರೆ ಗಂಟೆಗೆ, ಆಮೇಲೆ 3 ನಿಮಿಷಕ್ಕೆ ಇಳಿಸಿದರು. ತತ್ವ ಸರಳ. ಮಷೀನ್ ನಿಲ್ಲಿಸಿಯೇ ಮಾಡಬೇಕಾದ ಕೆಲಸ ಯಾವುದು, ಮಷೀನ್ ಓಡುತ್ತಿರುವಾಗಲೇ ಪಕ್ಕದಲ್ಲಿ ಮಾಡಿಡಬಹುದಾದ ಕೆಲಸ ಯಾವುದು ಅಂತ ಬೇರೆ ಮಾಡುವುದು, ಒಳಗಿನದನ್ನು ಆದಷ್ಟು ಹೊರಗೆ ತಳ್ಳುವುದು. ನೀನು ಪಿನ್ ಹಾಕಿದೆ, ಡಯಲ್ ಹಿಡಿಯುವುದು ತಪ್ಪಿತು. ಆಫ್‌ಸೆಟ್ ಸೇವ್ ಮಾಡಿದೆ, ಝೀರೊ ತೆಗೆಯುವುದು ತಪ್ಪಿತು. ಟೂಲ್ ನಂಬರ್ ಒಂದೇ ಮಾಡಿದೆ, ಟೂಲ್ ಬದಲಿಸುವುದು, ಉದ್ದ ತೆಗೆಯುವುದು ಎರಡೂ ತಪ್ಪಿತು. ಯಾರೂ ಹೇಳಿಕೊಡದೆ ಮಾಡಿದ್ದೀಯ, ಓದಿ ನನಗೆ ನಿಜಕ್ಕೂ ಸಂತೋಷವಾಯಿತು. ಮುಂದಿನ ಇಂಟರ್‌ವ್ಯೂನಲ್ಲಿ ಇದೇ ಹೆಸರು ಹಿಡಿದು ಹೇಳು. ಎದುರಿಗೆ ಕೂತವನು ವೃತ್ತಿ ಬಲ್ಲವನಾದರೆ ಕುರ್ಚಿ ಮುಂದಕ್ಕೆ ಎಳೆದುಕೊಳ್ಳುತ್ತಾನೆ.

ಆಮೇಲೆ ಲೆಕ್ಕ ಹಾಕು. ಸಲಕ್ಕೆ 110 ನಿಮಿಷ ಉಳಿಯಿತು. ವಾರಕ್ಕೆ ಮೂರು ಸಲ, ಐದೂವರೆ ಗಂಟೆ. ವರ್ಷಕ್ಕೆ 50 ವಾರ ಹಿಡಿದರೆ 275 ಗಂಟೆ. ಮಷೀನ್ ಗಂಟೆಗೆ 500 ರೂಪಾಯಿ ಅಂದುಕೋ, 1,37,500 ರೂಪಾಯಿ. ಆದರೆ 500 ಅನ್ನುವುದು ನನ್ನ ಊಹೆ, ನಿಮ್ಮಲ್ಲಿ ಎಷ್ಟು ಅಂತ ಲೆಕ್ಕಪತ್ರ ನೋಡುವವರನ್ನು ಕೇಳು. 40 ನಿಮಿಷವೂ ನಿನ್ನ ನೆನಪಿನದೋ, ಶಾಪ್ ಡೈರಿಯಲ್ಲಿ ಇದೆಯೋ ನೋಡು. ಇನ್ನೊಂದು ಮಾತು, ಉಳಿದ ಆ ಹೊತ್ತಿನಲ್ಲಿ ಮಷೀನಿಗೆ ಬೇರೆ ಕೆಲಸ ಇದ್ದರೆ ಮಾತ್ರ ಅದು ದುಡ್ಡು. ಇಲ್ಲದಿದ್ದರೆ ಉಳಿದದ್ದು ಬರೀ ಹೊತ್ತು, ಅಷ್ಟೇ ಹೇಳು. ಯಜಮಾನರು ಕೇಳುವ ಮೊದಲ ಪ್ರಶ್ನೆ ಇದೇ ಆಗಿರುತ್ತದೆ.

ಜಂಬದ ಬಗ್ಗೆ ಕೇಳಿದ್ದೀಯ. 'ನನ್ನಷ್ಟು ತಿಳಿದವನು ಈ ಶಾಪಿನಲ್ಲಿ ಇಲ್ಲ' ಅಂದರೆ ಜಂಬ. 'ಎರಡೂವರೆ ಗಂಟೆ ಇದ್ದದ್ದು 40 ನಿಮಿಷ ಆಯಿತು, ಹೀಗೆ ಮಾಡಿದೆ' ಅಂದರೆ ಲೆಕ್ಕ ಒಪ್ಪಿಸಿದ ಹಾಗೆ. ನಿಮ್ಮಪ್ಪ ತಿಪಟೂರಿಗೆ ಕೊಬ್ಬರಿ ತೆಗೆದುಕೊಂಡು ಹೋದಾಗ ಎಷ್ಟು ಕ್ವಿಂಟಾಲ್, ಎಂಥ ಕೊಬ್ಬರಿ ಅಂತ ಹೇಳುವುದಿಲ್ಲವೇ? ಅದನ್ನು ಯಾರಾದರೂ ಜಂಬ ಅನ್ನುತ್ತಾರೆಯೇ?

ಇವತ್ತೇ ಒಂದು ಲಾಂಗ್ ಬುಕ್ ತಗೋ. ಶನಿವಾರ ಶಿಫ್ಟ್ ಮುಗಿದ ಮೇಲೆ ಹತ್ತು ನಿಮಿಷ ಸಾಕು. ತಾರೀಖು, ಯಾವ ಮಷೀನು, ತೊಂದರೆ ಏನಿತ್ತು, ಏನು ಮಾಡಿದೆ, ಮೊದಲು ಎಷ್ಟು ಆಮೇಲೆ ಎಷ್ಟು, ಜೊತೆಗೆ ಯಾರಿದ್ದರು. ಕೊನೆಯದನ್ನು ಬಿಡಬೇಡ. ಕೆಲಸ ಕೆಟ್ಟಿದ್ದರೆ ಅದನ್ನೂ ಬರೆ, ಟೂಲ್ ಗುದ್ದಿಸಿದ್ದರೆ ಯಾಕೆ ಗುದ್ದಿತು ಅಂತ ಬರೆ. ಕಸ್ಟಮರ್ ಹೆಸರು, ಡ್ರಾಯಿಂಗ್ ನಂಬರು ಮಾತ್ರ ಬೇಡ, ಅವು ನಿನ್ನ ಸ್ವತ್ತಲ್ಲ.

ಇಷ್ಟು ಒತ್ತಿ ಹೇಳಲು ಕಾರಣವಿದೆ. 1991ರಲ್ಲಿ ನಾನು ಕೆಲಸಕ್ಕಿದ್ದ ಒಂದು ಕಂಪನಿಯಲ್ಲಿ ತಗಡಿನ ಪಟ್ಟಿಯನ್ನು ಹಂತಹಂತವಾಗಿ ಕತ್ತರಿಸುವ ಪ್ರೋಗ್ರೆಸಿವ್ ಟೂಲ್ ಒಂದರ ಸ್ಟ್ರಿಪ್ ಲೇಔಟ್ ಬದಲಿಸಿದೆ. ಬ್ಲ್ಯಾಂಕನ್ನು ಪಟ್ಟಿಯಲ್ಲಿ ಓರೆಯಾಗಿ ಕೂರಿಸಿದ್ದರಿಂದ ವ್ಯರ್ಥವಾಗುತ್ತಿದ್ದ ತಗಡು ಬಹಳ ಉಳಿಯಿತು. ಎಷ್ಟು ಉಳಿಯಿತು ಅಂದರೆ ಇವತ್ತು ನನ್ನ ಹತ್ತಿರ ಉತ್ತರವಿಲ್ಲ, ಬರೆದಿಡಲಿಲ್ಲ. ಡ್ರಾಯಿಂಗಿನ ಮೂಲೆಯಲ್ಲಿ ವಿನ್ಯಾಸ ಮಾಡಿದವರ ಹೆಸರಿನ ಜಾಗದಲ್ಲಿ ಬೇರೆಯವರ ಸಹಿ ಬಿತ್ತು. ಸುಮ್ಮನಿದ್ದೆ. ನಾಲ್ಕು ವರ್ಷಕ್ಕೆ ಕಂಪನಿ ಬಾಗಿಲು ಹಾಕಿತು. ಹೊಸ ಜಾಗದಲ್ಲಿ ತೋರಿಸಲು ಕೈಯಲ್ಲಿ ಏನೂ ಇಲ್ಲದೆ, ಮೊದಲಿಗಿಂತ ಕಡಿಮೆ ಸಂಬಳಕ್ಕೆ ಸೇರಿಕೊಂಡೆ. ಆ ವರ್ಷ ಮಗಳ ಶಾಲೆ ಬದಲಿಸಬೇಕಾಯಿತು. ಅವಳು ಏನೂ ಅನ್ನಲಿಲ್ಲ, ನನಗೆ ಇನ್ನೂ ನೆನಪಿದೆ.

ಯಜಮಾನರ ಹತ್ತಿರ ತಿಂಗಳ ಕೊನೆಯ ವಾರದಲ್ಲಿ ಹೋಗಬೇಡ, ಡಿಸ್ಪ್ಯಾಚ್ ತಲೆಬಿಸಿಯಲ್ಲಿ ಇರುತ್ತಾರೆ. ಹದಿನೈದು ನಿಮಿಷ ಬೇಕು ಅಂತ ಮೊದಲೇ ಕೇಳು. ಒಂದೇ ಹಾಳೆ ತೆಗೆದುಕೊಂಡು ಹೋಗು. ಆ ಪ್ಲಾನಿಂಗ್ ಹುಡುಗನ ಮಾತೇ ಎತ್ತಬೇಡ, ಎತ್ತಿದರೆ ನಿನ್ನ ಪ್ಲೇಟು ಮರೆತು ಜಗಳ ಒಂದೇ ನೆನಪಿನಲ್ಲಿ ಉಳಿಯುತ್ತದೆ. 'ಇದೇ ರೀತಿ ಇನ್ನೆರಡು ಮಷೀನಿಗೆ ಮಾಡಬಹುದು, ಇಂಥ ಕೆಲಸಕ್ಕೆ, ಮೂರು ತಿಂಗಳು ಕೊಡಿ, ಆದಮೇಲೆ ನನ್ನನ್ನು ಪ್ರೊಸೆಸ್ ಎಂಜಿನಿಯರ್ ಜಾಗಕ್ಕೆ ಪರಿಗಣಿಸಿ' ಅಂತ ನೇರವಾಗಿ ಕೇಳು. ಏನು ಬೇಕು ಅಂತ ಹೇಳದೆ ಬರೀ ಬೇಸರ ತೋಡಿಕೊಂಡರೆ ಅವರು 'ನೋಡೋಣ' ಅನ್ನುತ್ತಾರೆ.

ಮಾದಾವರದ ಹತ್ತಿರ ನಡೆಯುವ ಮಷೀನ್ ಟೂಲ್ ಪ್ರದರ್ಶನ, ಇಮ್‌ಟೆಕ್ಸ್, ನೋಡಿದ್ದೀಯಾ? 2024ರ ನವೆಂಬರ್‌ನಿಂದ ಮಾದಾವರದವರೆಗೆ ಮೆಟ್ರೊ ಇದೆ, ಪೀಣ್ಯದಿಂದ ಹೋಗುವುದು ಸುಲಭ. ಬರೀ ಕ್ಯಾಟಲಾಗ್ ಚೀಲ ತುಂಬಿಕೊಂಡು ಬರಬೇಡ. ಝೀರೊ ಪಾಯಿಂಟ್ ಕ್ಲ್ಯಾಂಪಿಂಗ್ (ಪ್ಲೇಟನ್ನು ಪ್ರತಿಸಲವೂ ಅದೇ ಜಾಗದಲ್ಲಿ ಥಟ್ಟನೆ ಕೂರಿಸಿ ಹಿಡಿಯುವ ಸಾಧನ) ತೋರಿಸುವ ಮಳಿಗೆಯಲ್ಲಿ ನಿಂತು, 'ನಾನು ಪಿನ್ನಿನಲ್ಲಿ ಹೀಗೆ ಮಾಡಿದ್ದೇನೆ, ನಿಮ್ಮದರಲ್ಲಿ ಇನ್ನೆಷ್ಟು ಉಳಿಯುತ್ತದೆ' ಅಂತ ಕೇಳು. ನಿನ್ನ ಶಾಪಿನ ಗೋಡೆಯಾಚೆ ನಿನ್ನ ಕೆಲಸ ಗೊತ್ತಿರುವ ನಾಲ್ಕು ಜನ ಇರಬೇಕು. ನನಗೆ ಕೊನೆಯ ಎರಡು ನೌಕರಿ ಸಿಕ್ಕಿದ್ದು ಪೇಪರಿನ ಜಾಹೀರಾತಿನಿಂದ ಅಲ್ಲ, ಅಂಥವರು ಮಾಡಿದ ಫೋನಿನಿಂದ.

ಮೈಕ್ರೊಮೀಟರ್, ಬೆಳಗಾವಿ

ಅಣ್ಣಾರ, ನಾನು ಉದ್ಯಮಬಾಗದಾಗ ಒಂದು ಶಾಪಿನ್ಯಾಗ ಹತ್ತು ವರ್ಷದಿಂದ ಕ್ವಾಲಿಟಿ ನೋಡ್ಕೊಂತೀನಿ. ಮ್ಯಾಲಿನ ಹಿರಿಯರು ಎಲ್ಲಾ ಛಲೋ ಹೇಳ್ಯಾರ. ನಾನು ಒಂದ ವಿಷಯ ಹೇಳ್ತೀನಿ, ಮಾತಿನ ಬಗ್ಗೆ.

ನಾನು ಸೇರಿದಾಗ ಶಾಪ್‌ಫ್ಲೋರಿನ್ಯಾಗ ಹೆಣಮಗಳು ಅಂದ್ರ ನಾ ಒಬ್ಬಾಕೀನ. ಮುಂಜಾನೆ ಎಲ್ಲಾರೂ ನಿಂತು ಐದು ನಿಮಿಷ ಮಾತಾಡ್ತಿದ್ರು, ನನಗ ಬಾಯಿ ತೆರಿಯಾಕ ಆಗ್ತಿರಲಿಲ್ಲ. ಅದಕ್ಕ ಏನ ಮಾಡಿದೆ ಅಂದ್ರ, ಸಿಎಂಎಂ (ಪೀಸ್ ಅಳತಿ ನೋಡೋ ಮಷೀನು) ರೂಮಿನ ಹೊರಗ ಒಂದು ಬಿಳಿ ಬೋರ್ಡ್ ಇತ್ತು, ದಿನಾ ಮುಂಜಾನೆ ಅದರ ಮ್ಯಾಲ ಒಂದ ಸಾಲು ಬರದೆ. 'ನಿನ್ನೆ 20 ಎಚ್7 ಬೋರ್, 6 ಪೀಸ್ ದೊಡ್ಡದಾಗ್ಯಾವು, ಟಾಲರನ್ಸ್ 21 ಮೈಕ್ರಾನ್, ನಮ್ಮವು 26ಕ್ಕ ಹೋಗ್ಯಾವು, ಕಾರಣ ಇನ್ಸರ್ಟ್ ಬದಲಿ ಮಾಡಿದ ಮ್ಯಾಲ ಆಫ್‌ಸೆಟ್ ಕೊಟ್ಟಿಲ್ಲ.' ಯಾರ ಹೆಸರೂ ಬರೀಲಿಲ್ಲ. ಮೊದಲ ಮೊದಲ ಸಿಟ್ಟಾದ್ರು. ಆಮ್ಯಾಲ ಚಹಾದ ಹೊತ್ತಿಗೆ ಬಂದು ಓದಾಕ ಹತ್ತಿದ್ರು. ಮೂರು ತಿಂಗಳಾದ ಮ್ಯಾಲ ಪುಣೆಯಿಂದ ಆಡಿಟಿಗೆ ಬಂದಾವ್ರು ಬೋರ್ಡ್ ಮುಂದ ನಿಂತು 'ಇದನ್ನ ಬರಿಯೋರು ಯಾರು, ಅವರನ್ನ ಕರೀರಿ' ಅಂದ್ರು. ನನ್ನ ನಸೀಬ ತಿರುಗಿದ್ದು ಅವತ್ತ.

ನಿಮಗ ಇಂಗ್ಲಿಷ್ ಬಗ್ಗೆ ಅಳುಕು ಐತಿ ಅಂತ ಕಾಣ್ತೈತಿ, ನೀವು ಬಾಯಿಬಿಟ್ಟು ಹೇಳದಿದ್ರೂ ಓದಿದಾಗ ತಿಳೀತು. ಪೂರಾ ಭಾಷಾ ಕಲಿಯೋ ತನಕ ಕಾಯಬ್ಯಾಡ್ರಿ. ಆ ಪ್ಲೇಟಿನ ಬಗ್ಗೆ ಹತ್ತ ವಾಕ್ಯ ಬರಕೊಂಡು, ಗಟ್ಟಿಯಾಗಿ ಹೇಳಿ ರೂಢಿ ಮಾಡ್ಕೊರಿ. ಪ್ಲೇಟ್ ಕೈಯಾಗ ಹಿಡಕೊಂಡು ಹೇಳಿದ್ರ ಇನ್ನೂ ಛಲೋ, ಕೇಳಾವ್ರ ಕಣ್ಣು ಪ್ಲೇಟಿನ ಮ್ಯಾಲ ಇರ್ತಾವು, ನಿಮ್ಮ ವ್ಯಾಕರಣದ ಮ್ಯಾಲ ಅಲ್ಲ.

ಮತ್ತ ಆ ಪ್ಲಾನಿಂಗ್ ತಮ್ಮನ ಜೋಡಿ ಒಮ್ಮೆ ಕುಂತು ಮಾತಾಡ್ರಿ. ಅಂವ ಸುಳ್ಳ ಹೇಳಲಿಲ್ಲ ಅಂತ ನೀವ ಬರದೀರಿ. 'ಮುಂದಿನ ಸಲ ಕಸ್ಟಮರ್ ಬಂದ್ರ ಫಿಕ್ಸ್ಚರ್, ಅಂದ್ರ ಆ ಪ್ಲೇಟಿನ ಭಾಗ ನಾನು ಹೇಳ್ತೀನಿ, ಉಳಿದದ್ದು ನೀ ಹೇಳು' ಅನ್ರಿ. ನನಗನ್ನಸ್ತೈತಿ, ಅಂವ ಖುಷಿಂದ ಹೂಂ ಅಂತಾನ. ಕಸ್ಟಮರ್ ಆಳದ ಪ್ರಶ್ನೆ ಕೇಳಿದಾಗ ಅವಗೂ ಕಷ್ಟ ಆಗಿರ್ತೈತಿ.

ರಾಜಾಜಿನಗರ ಟರ್ನರ್

ವಿಡಿಯೊ ಬಗ್ಗೆ ಕೇಳಿದ್ರಲ್ಲ, ಅದಕ್ಕಷ್ಟೇ ಉತ್ತರ ಕೊಡ್ತೀನಿ. ದಯವಿಟ್ಟು ಕಂಪನಿ ಕೆಲಸದ ವಿಡಿಯೊ ಹಾಕಬೇಡಿ.

2022ರಲ್ಲಿ ನಾನು ಹಾಕಿದ್ದೆ. ಟರ್ನಿಂಗ್ ಸೆಂಟರಲ್ಲಿ ಒಂದು ಪೀಸ್ ಓಡೋದು, 40 ಸೆಕೆಂಡು. ಚಿಪ್ಸ್ ನೀಲಿ ಬಣ್ಣದಲ್ಲಿ ಹಾರ್ತಿತ್ತು, ಚೆನ್ನಾಗಿ ಕಾಣ್ತಿತ್ತು. ಬಾಗಿಲಿಗೆ ಮ್ಯಾಗ್ನೆಟಲ್ಲಿ ಅಂಟಿಸಿದ್ದ ಡ್ರಾಯಿಂಗು ಹಿಂದೆ ಕಾಣ್ತಿದೆ ಅನ್ನೋದನ್ನ ನಾನು ಗಮನಿಸಿರಲಿಲ್ಲ. ಅದರಲ್ಲಿ ಕಸ್ಟಮರ್ ಗುರುತು ಇತ್ತು. ಎರಡನೇ ದಿನ ಆಫೀಸಿಗೆ ಕರೆದ್ರು. ಕೆಲಸಕ್ಕೆ ಸೇರುವಾಗ ಸಹಿ ಹಾಕಿದ್ದ ಕಾಗದದಲ್ಲಿ ಗೌಪ್ಯತೆಯ ಷರತ್ತು ಇತ್ತು, ಓದದೆ ಸಹಿ ಮಾಡಿದ್ದೆ. ಅವರು ಮಾಡಿದ್ದು ತಪ್ಪು ಅಂತ ನಾನು ಹೇಳಲ್ಲ. ಆದ್ರೆ ಐದು ತಿಂಗಳು ಮನೇಲಿ ಕೂತೆ.

ಈಗ ನಾನು ತೋರಿಸೋದು ನನ್ನದೇ ವಿನ್ಯಾಸದ ಪೀಸುಗಳನ್ನ ಮಾತ್ರ. ಸ್ನೇಹಿತನ ಲೇತ್ ಇದೆ, ಭಾನುವಾರ ಅಲ್ಲಿ ಹಿತ್ತಾಳೆ ಬುಗುರಿ ಮಾಡ್ತೀನಿ. ಸಾಮಾನು ನನ್ನ ದುಡ್ಡಿಂದು, ಡ್ರಾಯಿಂಗ್ ನನ್ನದು. ಒಂದು ಬುಗುರಿ ಕನ್ನಡಿ ಮೇಲೆ ಆರು ನಿಮಿಷ ತಿರುಗೋ ವಿಡಿಯೊ ಹಾಕಿದ್ದೆ. ಅದನ್ನ ನೋಡಿ ಒಬ್ರು ಫೋನ್ ಮಾಡಿ, 'ಇಷ್ಟು ರನ್‌ಔಟ್ (ತಿರುಗುವಾಗ ಓಲಾಟ) ಇಲ್ಲದ ಹಾಗೆ ಹೇಗೆ ತೆಗೆದ್ರಿ?' ಅಂತ ಕೇಳಿದ್ರು. ಈಗ ನಾನಿರೋದು ಅವರ ಶಾಪಲ್ಲೇ. ನೀವು ಮಿಲ್ಲಿಂಗಲ್ಲವಾ, ಪಿನ್ ಮೇಲೆ ಕೂರೋ ಒಂದು ಸಣ್ಣ ಮಾದರಿ ಪ್ಲೇಟ್ ಸ್ವಂತಕ್ಕೆ ಮಾಡಿ. ಇಂಟರ್‌ವ್ಯೂಗೆ ಬ್ಯಾಗಲ್ಲಿ ತಗೊಂಡು ಹೋಗಿ ಮೇಜಿನ ಮೇಲೆ ಇಡಿ.

ಲೆಕ್ಕದ ಗುಮಾಸ್ತ

ಬಿಇ ಮತ್ತು ಕಾಗದಪತ್ರದ ಬಗ್ಗೆ ನಾಲ್ಕು ಮಾತು. ಇವನ್ನು ಯಾರೂ ಹೇಳದೇ ಇರುವುದರಿಂದ ಹುಡುಗರು ತೊಂದರೆ ಪಡುವುದನ್ನು ದಿನವೂ ನೋಡುತ್ತೇನೆ.

ಅಂಚೆ ಮೂಲಕ ಎಂಜಿನಿಯರಿಂಗ್ ಪದವಿ ಕೊಡಿಸುತ್ತೇವೆ ಅನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. 2017ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅಂಥ ಪದವಿಗಳ ವಿರುದ್ಧ ತೀರ್ಪು ಕೊಟ್ಟಿದೆ. ಎಎಂಐಇಯನ್ನು (ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ನಡೆಸುವ ಪರೀಕ್ಷೆ) ಪದವಿಗೆ ಸಮ ಎಂದು ಪರಿಗಣಿಸುವುದು 2013ರ ಮೇ 31ರ ಒಳಗೆ ನೋಂದಾಯಿಸಿದವರಿಗೆ ಮಾತ್ರ. ಡಿಪ್ಲೊಮಾದವರಿಗೆ ಸರಿಯಾದ ದಾರಿ ಡಿಸಿಇಟಿ (ಡಿಪ್ಲೊಮಾದವರ ಪ್ರವೇಶ ಪರೀಕ್ಷೆ) ಬರೆದು ನೇರವಾಗಿ ಬಿಇ ಎರಡನೇ ವರ್ಷಕ್ಕೆ ಸೇರುವುದು. ಅದಕ್ಕೆ ಮೂರು ವರ್ಷ ಬೇಕು. ಕೆಲಸ ಬಿಡದೆ ಓದುವವರಿಗಾಗಿ ಕೆಲವು ಕಾಲೇಜುಗಳಲ್ಲಿ ಎಐಸಿಟಿಇ (ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ) ಒಪ್ಪಿಗೆ ಇರುವ ಕೋರ್ಸುಗಳೂ ಇವೆ. ಹಣ ಕಟ್ಟುವ ಮೊದಲು ಆ ಕಾಲೇಜಿನ ಆ ಕೋರ್ಸಿಗೇ ಒಪ್ಪಿಗೆ ಇದೆಯೇ ಅಂತ ಎಐಸಿಟಿಇ ಜಾಲತಾಣದಲ್ಲಿ ನೋಡಿಕೊಳ್ಳಿ. ನನ್ನ ಅಭಿಪ್ರಾಯ ಕೇಳಿದರೆ, ಎರಡು ವರ್ಷದ ಮಗು ಇರುವಾಗ ಸಂಬಳ ಬಿಟ್ಟು ಓದುವುದು ಬೇಡ.

ಇನ್ನು ಪಿಎಫ್. ನಿಮ್ಮ ಯುಎಎನ್ (ಪಿಎಫ್ ಸದಸ್ಯತ್ವದ ನಂಬರು) ಹಾಕಿ ಜಾಲತಾಣದಲ್ಲಿ ಪಿಎಫ್ ಖಾತೆ ಇವತ್ತೇ ತೆರೆದು ನೋಡಿ. ಹೆಸರು ಆಧಾರ್‌ನಲ್ಲಿ ಇರುವಂತೆಯೇ ಇದೆಯೇ, ಸೇರಿದ ದಿನಾಂಕ ಸರಿಯಾಗಿದೆಯೇ? ನಾಳೆ ಅನುಭವ ಪತ್ರ ಕೊಡಲು ಯಾರಾದರೂ ಸತಾಯಿಸಿದರೆ ನೀವು ಅಲ್ಲಿ ದುಡಿದಿದ್ದಕ್ಕೆ ಅದೇ ದೊಡ್ಡ ಸಾಕ್ಷಿ. ಕೆಲಸ ಬಿಟ್ಟ ಎರಡು ತಿಂಗಳ ನಂತರವೂ ಕಂಪನಿಯವರು ಬಿಟ್ಟ ದಿನಾಂಕ ಹಾಕದಿದ್ದರೆ ನೀವೇ ಜಾಲತಾಣದಲ್ಲಿ ಹಾಕಬಹುದು. ಹೊಸ ಕಡೆ ಹಳೆಯ ಯುಎಎನ್ ನಂಬರನ್ನೇ ಕೊಡಿ.

ನಿಮ್ಮದು 7 ವರ್ಷ ಆಗಿದೆ, 5 ದಾಟಿದ್ದರಿಂದ ಗ್ರಾಚುಟಿ ನಿಮ್ಮ ಹಕ್ಕು. ಕೊನೆಯ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿಸಿ, 15ರಿಂದ ಗುಣಿಸಿ, 26ರಿಂದ ಭಾಗಿಸಿ, ವರ್ಷಗಳಿಂದ ಗುಣಿಸಿ. ಅವೆರಡೂ ಸೇರಿ 16,000 ಇದ್ದರೆ 7 ವರ್ಷಕ್ಕೆ ಸುಮಾರು 64,600 ರೂಪಾಯಿ. 2,000 ಹೆಚ್ಚಿಗೆ ಸಿಗುತ್ತದೆ ಅಂತ ನಾಲ್ಕು ವರ್ಷ ಎಂಟು ತಿಂಗಳಿಗೆ ಕೆಲಸ ಬಿಟ್ಟು ಈ ಹಣಕ್ಕೆ ತಕರಾರು ಎದುರಿಸಿದವರನ್ನು ನೋಡಿದ್ದೇನೆ. ನೀವು ಆ ಗಡಿ ದಾಟಿದ್ದೀರಿ, ಹಾಗಾಗಿ ಬಿಡುವುದಾದರೂ ನಿರಾಳವಾಗಿ ಯೋಚಿಸಿ ಬಿಡಬಹುದು.

ಅರಸೀಕೆರೆಯವ

ಎಲ್ಲರಿಗೂ ಕೈ ಮುಗಿದು ಧನ್ಯವಾದ. ಇಷ್ಟು ಬಿಡಿಸಿ ನನಗೆ ಯಾರೂ ಹೇಳಿರಲಿಲ್ಲ.

ಶನಿವಾರ ಲಾಂಗ್ ಬುಕ್ ತಂದೆ. ಭಾನುವಾರ ಮಗಳು ಮಲಗಿದ ಮೇಲೆ ಬರೆಯೋಕೆ ಕೂತೆ. ಜಾಲಹಳ್ಳಿ ಸಾರ್ ಹೇಳಿದ ಹಾಗೆ ಶಾಪ್ ಡೈರಿ ನೋಡಿದ್ದೆ. ಫೋಟೊ ತೆಗೆದಿರಲಿಲ್ಲ, ಅಲ್ಲೇ ಕೂತು ಬೇಕಾದ ಅಂಕಿ ಮಾತ್ರ ಬರ್ಕೊಂಡು ಬಂದಿದ್ದೆ. ನಾನು 40 ನಿಮಿಷ ಅಂತ ಹೇಳ್ಕೊಂಡು ತಿರುಗ್ತಿದ್ದೆ. ಕೊನೆಯ ಐದು ಸೆಟ್ಟಿಂಗು 38, 44, 41, 52, 40. ಸರಾಸರಿ 43. 52 ಆದ ದಿನ ಪ್ಲೇಟ್ ಕೆಳಗೆ ಚಿಪ್ಸ್ ಸಿಕ್ಕಿಕೊಂಡಿತ್ತು. ಅದನ್ನೂ ಬರೆದೆ, ಪ್ಲೇಟಿನ ಕೆಳಗೆ ಚಿಪ್ಸ್ ಹೋಗೋಕೆ ಒಂದು ಗ್ರೂವ್ (ತೋಡು) ಹೊಡೆದರೆ ಸರಿಹೋಗುತ್ತೆ ಅಂತ ಆಗಲೇ ಹೊಳೀತು.

ಬೆಳಗಾವಿ ಅಕ್ಕ, ಪ್ಲಾನಿಂಗ್ ಹುಡುಗನ ಹತ್ತಿರ ಇವತ್ತು ಕ್ಯಾಂಟೀನಲ್ಲಿ ಮಾತಾಡಿದೆ. ನೀವು ಹೇಳಿದ ಹಾಗೇ ಆಯ್ತು. ಅವತ್ತು ಕಸ್ಟಮರ್ ಡೈಮಂಡ್ ಪಿನ್ ಯಾಕೆ ಅಂತ ಕೇಳಿದಾಗ ಅವನಿಗೆ ಉತ್ತರ ಗೊತ್ತಿರಲಿಲ್ಲವಂತೆ, 'ಆಮೇಲೆ ಮೇಲ್ ಮಾಡ್ತೀನಿ' ಅಂದನಂತೆ. ಎರಡೂ ರೌಂಡ್ ಪಿನ್ ಹಾಕಿದ್ರೆ ಎರಡು ಹೋಲಿನ ನಡುವಿನ ಅಂತರದಲ್ಲಿ ಚೂರು ವ್ಯತ್ಯಾಸ ಇದ್ರೂ ಪೀಸ್ ಕೂರಲ್ಲ, ಅದಕ್ಕೆ ಒಂದನ್ನ ಎರಡು ಪಕ್ಕ ಕಡಿಮೆ ಮಾಡಿರ್ತಾರೆ ಅಂತ ಟಿಶ್ಯೂ ಪೇಪರ್ ಮೇಲೆ ಚಿತ್ರ ಬರೆದು ತೋರಿಸಿದೆ. ಆ ಪೇಪರ್ ಮಡಚಿ ಜೇಬಲ್ಲಿ ಇಟ್ಟುಕೊಂಡ.

ಪುಸ್ತಕದಲ್ಲಿ ಎಲ್ಲ ಬರೆದು 'ಜೊತೆಗೆ ಯಾರಿದ್ದರು' ಅನ್ನೋ ಕಡೆಗೆ ಬಂದಾಗ ಪೆನ್ನು ನಿಂತುಬಿಡ್ತು. ಆ ಎರಡು ಭಾನುವಾರನೂ ರಾಯಚೂರು ಕಡೆಯ ಒಬ್ಬ ಹೆಲ್ಪರ್ ಹುಡುಗ ನನ್ನ ಜೊತೆ ಇದ್ದ. ಓಟಿ ಇಲ್ಲ, ಊಟ ಅವನೇ ತಂದಿದ್ದ. ಪಿನ್ ಬಿಗಿ ಬಂದಾಗ ಎಣ್ಣೆಕಲ್ಲಲ್ಲಿ ಉಜ್ಜಿ ಉಜ್ಜಿ ಕೂರಿಸಿದ್ದು ಅವನು. ಮೇಲೆ ನಾನು ಬರೆದ ಪ್ರಶ್ನೆಯಲ್ಲಿ ಅವನ ಸುದ್ದಿಯೇ ಇಲ್ಲ.

ಹೆಸರು ಬರೆದಿದ್ದೀನಿ. ಯಜಮಾನರು ಗುರುವಾರ ನಾಲ್ಕು ಗಂಟೆಗೆ ಬಾ ಅಂದಿದ್ದಾರೆ. ಅವನಿಗೂ ಬಿ ಶಿಫ್ಟೇ ಇದೆ, ಜೊತೆಗೆ ಕರ್ಕೊಂಡು ಹೋಗ್ತೀನಿ. ಆಮೇಲೆ ಏನಾಯ್ತು ಅಂತ ಬಂದು ಬರೀತೀನಿ.